ಗುಂಪು ಮುತ್ತಿದಾಗ ಕಲಿತ ಸಮರಕಲೆ ಎಷ್ಟರ ಮಟ್ಟಿಗೆ ಕಾಯುತ್ತದೆ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಕರಾಟೆಯ ವಿದ್ಯಾರ್ಥಿ, ಕಂದು ಪಟ್ಟಿಯವರೆಗೆ ಬಂದಿದ್ದೇನೆ. ಈಚೆಗೆ ನಮ್ಮ ಬಡಾವಣೆಯ ತಿರುವಿನಲ್ಲಿ, ಬೈಕಿನ ಕನ್ನಡಿ ತಾಗಿತೆಂಬ ಕಾರಣಕ್ಕೆ ನಾಲ್ವರು ಸೇರಿ ಒಬ್ಬ ಯುವಕನನ್ನು ಥಳಿಸಿದ್ದನ್ನು ಮಹಡಿಯ ಮೇಲಿನಿಂದ ನೋಡಿದೆ. ಅವನಿಗೆ ಹೊಡೆದಾಟದ ತರಬೇತಿ ಇತ್ತು ಎಂಬುದು ನಿಂತ ಭಂಗಿಯಲ್ಲೇ ತಿಳಿಯುತ್ತಿತ್ತು. ಎದುರಿಗಿದ್ದವನ ಮೊದಲ ಏಟನ್ನು ತಪ್ಪಿಸಿಕೊಂಡು ಅವನ ಮುಖಕ್ಕೆ ಸರಿಯಾಗಿಯೇ ಗುದ್ದಿದ. ಆದರೆ ಅದೇ ಹೊತ್ತಿಗೆ ಹಿಂದಿನಿಂದ ಬಂದ ಇನ್ನೊಬ್ಬ, ಯುವಕನ ಬೆನ್ನಿಗಿದ್ದ ಬ್ಯಾಗಿನ ಪಟ್ಟಿ ಹಿಡಿದು ಜಗ್ಗಿದ. ಯುವಕ ಅಂಗಾತ ರಸ್ತೆಗೆ ಬಿದ್ದ. ಬಿದ್ದ ಮೇಲೆ ನಡೆದದ್ದನ್ನು ಹೊಡೆದಾಟ ಎನ್ನಲಾಗದು, ಅದು ಬರೀ ಒದೆತ. ನಾನು 112ಕ್ಕೆ ಕರೆ ಮಾಡುತ್ತಿದ್ದಂತೆ ಅಕ್ಕಪಕ್ಕದ ಮನೆಯವರೆಲ್ಲ ಹೊರಬಂದು ಕೂಗಿದರು, ಅವರು ಬೈಕ್ ಹತ್ತಿ ಹೋದರು.

ನಮ್ಮ ತರಗತಿಯಲ್ಲಿ ಕುಮಿಟೆ ಎಂದರೆ ಒಬ್ಬರ ಎದುರು ಒಬ್ಬರು, ನಡುವೆ ತೀರ್ಪುಗಾರರು, ಕಾಲಡಿ ಮ್ಯಾಟ್. ಹೀಗೆ ಕಲಿತದ್ದು ಮೂರು ನಾಲ್ಕು ಜನ ಮೇಲೆ ಬಿದ್ದಾಗ ಕೆಲಸಕ್ಕೆ ಬರುತ್ತದೆಯೇ? ಬರುವುದಿಲ್ಲವೆಂದಾದರೆ ಏನನ್ನು ಕಲಿಯಬೇಕು? ಕಟಾಗಳಲ್ಲಿ, ಅಂದರೆ ಒಬ್ಬರೇ ನಿಗದಿತ ಕ್ರಮದಲ್ಲಿ ಮಾಡುವ ಚಲನೆಗಳ ಸರಣಿಗಳಲ್ಲಿ, ಎಂಟು ದಿಕ್ಕಿನ ಎಂಟು ಶತ್ರುಗಳನ್ನು ಎದುರಿಸುವುದನ್ನು ಹೇಳಿಕೊಟ್ಟಿದೆ ಎಂದು ನಮ್ಮ ಹಿರಿಯ ವಿದ್ಯಾರ್ಥಿಗಳು ಹೇಳುತ್ತಾರೆ. ಅದು ನಿಜವೇ? ಅನುಭವವಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಕರಿಪಟ್ಟಿ:

ನಾನು ಕರಾಟೆ ಕಲಿಸುವವನು. ನಿಮ್ಮ ಪ್ರಶ್ನೆಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಬಿಳಿ ಪಟ್ಟಿಯಲ್ಲಿರುವಾಗಲೇ ಕೇಳಬೇಕು, ಪ್ರತಿಯೊಬ್ಬ ಶಿಕ್ಷಕನೂ ಅದಕ್ಕೆ ಮುಚ್ಚುಮರೆಯಿಲ್ಲದೆ ಉತ್ತರಿಸಬೇಕು. ನಾನು ನಂಬಿರುವುದು ಇಷ್ಟು: ಗುಂಪಿನ ಎದುರು ನಮ್ಮ ವಿದ್ಯೆ ಗೆಲ್ಲಲಿಕ್ಕೆ ಅಲ್ಲ, ಹೊರಬೀಳುವ ದಾರಿಯೊಂದನ್ನು ತೆರೆಯಲಿಕ್ಕೆ ಇರುವುದು. ಆ ದಾರಿ ತೆರೆಯುವುದನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಿಸದಿದ್ದರೆ ಎಷ್ಟು ವರ್ಷದ ಕರಾಟೆಯೂ ಆ ಹೊತ್ತಿಗೆ ತಾನಾಗಿ ಒದಗುವುದಿಲ್ಲ.

ಮೊದಲು ಕಟಾದ ವಿಷಯ. ಕಟಾದಲ್ಲಿ ನಾವು ಎಡಕ್ಕೆ, ಬಲಕ್ಕೆ, ಹಿಂದಕ್ಕೆ ತಿರುಗುವುದು ಅಷ್ಟೂ ದಿಕ್ಕಿನಲ್ಲಿ ಒಬ್ಬೊಬ್ಬ ಶತ್ರು ಕಾದು ನಿಂತಿದ್ದಾನೆಂದಲ್ಲ. ಎದುರಾಳಿ ಒಬ್ಬನೇ ಇದ್ದರೂ ಅವನ ನೇರಕ್ಕೆ ನಿಲ್ಲದೆ ಯಾವ ಕೋನಕ್ಕೆ ಸರಿಯಬೇಕೆಂಬುದನ್ನು ಆ ತಿರುವುಗಳು ಕಲಿಸುತ್ತವೆ ಎಂಬ ವಿವರಣೆಯೇ ನನಗೆ ಸರಿಯೆನಿಸುತ್ತದೆ, ಏಕೆಂದರೆ ಜೊತೆಗಾರನನ್ನು ಎದುರಿಗೆ ನಿಲ್ಲಿಸಿಕೊಂಡು ಮಾಡಿ ನೋಡಿದಾಗ ಹೊಂದಿಕೊಳ್ಳುವುದು ಅದೊಂದೇ. ಇನ್ನು ಕ್ಯೋಕುಷಿನ್ ಶೈಲಿಯ ನೂರು ಜನರ ಕುಮಿಟೆಯನ್ನು ಕೆಲವರು ಉದಾಹರಿಸುತ್ತಾರೆ. ಅದು ಮನುಷ್ಯನ ದೇಹ ಮತ್ತು ಮನಸ್ಸು ಎಷ್ಟು ತಾಳಬಲ್ಲವು ಎಂಬುದಕ್ಕೆ ಅಸಾಧಾರಣ ಪರೀಕ್ಷೆ, ನನಗೆ ಅದರ ಬಗ್ಗೆ ಅಪಾರ ಗೌರವವಿದೆ. ಆದರೆ ಅಲ್ಲಿ ಎದುರಾಳಿಗಳು ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ. ಬೀದಿಯಲ್ಲಿ ಸರದಿ ಎಂಬುದೇ ಇರುವುದಿಲ್ಲ.

ನಮ್ಮ ತರಗತಿಯಲ್ಲಿ ಒಬ್ಬನ ಮೇಲೆ ಇಬ್ಬರನ್ನು ಬಿಟ್ಟಾಗ ಪ್ರತಿ ಸಲವೂ ಕಾಣುವುದು ಒಂದೇ: ಕೆಡಹುವ ಏಟು ಕಣ್ಣಿಗೆ ಕಾಣದವನಿಂದ ಬರುತ್ತದೆ. ಎದುರಿಗಿದ್ದವನಿಗೆ ಒಳ್ಳೆಯ ಏಟು ಕೊಟ್ಟು, ಅದರ ಪರಿಣಾಮ ಏನಾಯಿತೆಂದು ನೋಡುತ್ತ ನಿಲ್ಲುವ ಅರೆಕ್ಷಣದಲ್ಲಿ ಪಕ್ಕದವನು ಬಂದು ಮುಟ್ಟುತ್ತಾನೆ. ಪಾಯಿಂಟ್ ಕುಮಿಟೆಯಲ್ಲಿ ಏಟು ತಾಗಿದೊಡನೆ ತೀರ್ಪುಗಾರರು ಆಟ ನಿಲ್ಲಿಸುವುದರಿಂದ, ಹೊಡೆದ ಕೂಡಲೇ ನಿಲ್ಲುವುದು ನಮ್ಮ ಮೈಗೆ ಹತ್ತಿಬಿಟ್ಟಿರುತ್ತದೆ. ನೀವು ಕಂಡ ಯುವಕನಿಗೂ ಇಂಥದೇ ಏನೋ ಆಗಿರಬೇಕು.

ಹಾಗಾಗಿ ಮೊದಲ ಪಾಠ ಕೈಯದಲ್ಲ, ಕಾಲಿನದು. ಗುಂಪು ಬರುವಾಗ ಅದು ನಿಮ್ಮನ್ನು ನಡುವೆ ಸಿಕ್ಕಿಸಲು ನೋಡುತ್ತದೆ. ಇಬ್ಬರ ನಡುವಿನ ಸಂದಿಯಲ್ಲಿ ಎಂದೂ ನುಗ್ಗಬೇಡಿ. ಸಾಲಿನ ಅಂಚಿನಲ್ಲಿರುವವನ ಹೊರಬದಿಗೆ ಸರಿಯಿರಿ. ಆಗ ಉಳಿದವರು ಅವನ ಹಿಂದಾಗುತ್ತಾರೆ, ನಿಮ್ಮನ್ನು ಮುಟ್ಟಲು ಅವನನ್ನೇ ಸುತ್ತಿ ಬರಬೇಕಾಗುತ್ತದೆ. ಅವರು ಸುತ್ತಿ ಬರುವಷ್ಟರಲ್ಲಿ ನೀವು ಮತ್ತೆ ಹೊರಬದಿಗೆ ಸರಿದಿರಬೇಕು. ನಿಂತಲ್ಲಿ ನಿಂತರೆ ಈ ಲಾಭ ಒಂದೆರಡು ಸೆಕೆಂಡಿನಲ್ಲಿ ಕರಗಿಹೋಗುತ್ತದೆ. ಗೋಡೆಗೆ ಬೆನ್ನು ಕೊಟ್ಟರೆ ಹಿಂದಿನಿಂದ ಏಟು ಬೀಳದು ಎಂಬ ಸಲಹೆ ಬಹಳ ಚಾಲ್ತಿಯಲ್ಲಿದೆ, ಆದರೆ ಅಲ್ಲಿಂದ ಹೊರಡುವ ದಾರಿಯೂ ಇರುವುದಿಲ್ಲ. ಮೂರು ಜನ ಅರ್ಧವೃತ್ತವಾಗಿ ನಿಂತರೆ ಮುಗಿಯಿತು. ಬೇರೆ ಏನೂ ಉಳಿಯದಿದ್ದಾಗ ಮಾತ್ರ ಗೋಡೆ.

ಎರಡನೆಯದಾಗಿ, ತಂತ್ರಗಳು ಕಡಿಮೆ ಇರಬೇಕು. ಆಯ್ಕೆಗಳು ಹೆಚ್ಚಿದಷ್ಟೂ ಪ್ರತಿಕ್ರಿಯೆಗೆ ತಗಲುವ ಸಮಯ ಹೆಚ್ಚುತ್ತದೆ ಎಂಬುದನ್ನು ಮನೋವಿಜ್ಞಾನಿ ವಿಲಿಯಂ ಹಿಕ್ 1952ರಲ್ಲೇ ಪ್ರಯೋಗಗಳಿಂದ ತೋರಿಸಿದ್ದರು. ಅದರ ಮೇಲೆ ಭಯದಿಂದ ಅಡ್ರಿನಲಿನ್ ಏರಿದಾಗ ಬೆರಳುಗಳ ನಾಜೂಕು ಚಲನೆ ಕೆಡುತ್ತದೆ, ನೋಟ ಕಿರಿದಾಗಿ ಎದುರಿಗಿದ್ದವನೊಬ್ಬನೇ ಕಾಣುತ್ತಾನೆ. ಮಣಿಕಟ್ಟು ತಿರುಚುವ ಪಟ್ಟುಗಳು, ತಲೆಯೆತ್ತರದ ಒದೆತಗಳು ಆಗ ಬೇಡ. ಕೈಗಳನ್ನು ಎದೆಯೆತ್ತರಕ್ಕೆ, ಅಂಗೈ ಹೊರಗೆ ಮಾಡಿ ಹಿಡಿಯುವುದು, ಅಂಗೈಯ ಬುಡದಿಂದ ಗದ್ದಕ್ಕೆ ತಳ್ಳುವುದು, ಮೊಣಕೈ, ಮೊಣಕಾಲಿನ ಕೆಳಗೆ ಒಂದು ಒದೆ. ಇಷ್ಟು ಸಾಕು. ಅದೂ ದಾರಿಗೆ ಅಡ್ಡ ನಿಂತವನೊಬ್ಬನಿಗೆ ಮಾತ್ರ, ಮುಂದಕ್ಕೆ ಸಾಗುತ್ತಲೇ. ಅಂಗೈ ತೆರೆದು ಹಿಡಿದ ನಿಲುವಿಗೆ ಇನ್ನೊಂದು ಲಾಭವಿದೆ: ಜಗಳ ಬೇಡವೆಂದು ಸಮಾಧಾನ ಹೇಳುತ್ತಿರುವಾಗಲೂ ಕೈ ರಕ್ಷಣೆಯ ಜಾಗದಲ್ಲೇ ಇರುತ್ತದೆ, ನೋಡಿದವರಿಗೂ ನೀವು ಜಗಳಕ್ಕೆ ನಿಂತಂತೆ ಕಾಣುವುದಿಲ್ಲ.

ನಾವು ಮಾಡಿಸುವ ಅಭ್ಯಾಸವನ್ನು ಹೇಳುತ್ತೇನೆ, ಯಾವ ಡೋಜೋದಲ್ಲಾದರೂ (ತರಬೇತಿ ಶಾಲೆಯಲ್ಲಾದರೂ) ಮಾಡಬಹುದು. ನೆಲದ ಮೇಲೆ ನಾಲ್ಕೈದು ಹೆಜ್ಜೆ ಅಗಲದ ಚೌಕ ಬರೆದು, ಒಂದು ಬದಿಯಲ್ಲಿ ಎರಡು ಕುರ್ಚಿಗಳ ನಡುವೆ ಬಾಗಿಲಿನಷ್ಟು ಜಾಗ ಬಿಡುತ್ತೇವೆ. ಮೂವರು ಪ್ಯಾಡ್ ಹಿಡಿದು ಒಳಗೆ ನಿಲ್ಲುತ್ತಾರೆ. ವಿದ್ಯಾರ್ಥಿಯನ್ನು ಮೊದಲು ಉಸಿರು ಕಟ್ಟುವವರೆಗೆ ಓಡಿಸಿ, ಕಣ್ಣು ಮುಚ್ಚಿಸಿ, ಚೌಕದ ನಡುವೆ ನಿಲ್ಲಿಸಿ, ಚಪ್ಪಾಳೆ ತಟ್ಟಿದೊಡನೆ ಕಣ್ಣು ತೆರೆಯಲು ಹೇಳುತ್ತೇವೆ. ಎಷ್ಟು ಏಟು ಹೊಡೆದ ಎಂಬುದಕ್ಕೆ ಅಂಕವಿಲ್ಲ, ಎಷ್ಟು ಬೇಗ ಆ ಸಂದಿಯಿಂದ ಹೊರಗೆ ಬಂದ ಎಂಬುದೊಂದೇ ಲೆಕ್ಕ. ಮೊದಮೊದಲು ಪಂದ್ಯಗಳಲ್ಲಿ ಪದಕ ಗೆದ್ದವರೇ ಒಳಗೆ ಹೆಚ್ಚು ಹೊತ್ತು ಸಿಕ್ಕಿಕೊಳ್ಳುತ್ತಾರೆ, ಏಕೆಂದರೆ ಅವರಿಗೆ ಎದುರಾಳಿಯನ್ನು ಬಿಟ್ಟು ಹೋಗುವುದು ಅಭ್ಯಾಸವಿಲ್ಲ.

ಗರಡಿಹುಡುಗ:

ಕರಿಪಟ್ಟಿಯವರ ಮಾತಿಗೆ ಕುಸ್ತಿಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನಾನು ಬೆಳೆದದ್ದು ಮೈಸೂರಿನ ಗರಡಿ ಮನೆಯಲ್ಲಿ. ನಮ್ಮ ಪರಂಪರೆಯಲ್ಲಿ ಮಲ್ಲರ ಕಾಳಗವೆಂದರೆ ಜೋಡಿ. ದಸರೆಯ ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವೂ ಅಷ್ಟೆ, ತಲೆಯಿಂದ ಮೊದಲ ರಕ್ತ ಚಿಮ್ಮಿದೊಡನೆ ಮುಗಿಯುತ್ತದೆ. ಎದುರಾಳಿಯನ್ನು ಹಿಡಿದು ಕೆಡವಿ ಮೇಲೆ ಕೂರುವುದು ಮಣ್ಣಿನ ಅಖಾಡದಲ್ಲಿ ಗೆಲುವು. ರಸ್ತೆಯಲ್ಲಿ ಅವನ ಗೆಳೆಯರು ನಿಂತಿರುವಾಗ ಅದೇ ಕೆಲಸ ಪ್ರಾಣಕ್ಕೆ ಕುತ್ತು. ಒಬ್ಬನನ್ನು ಎರಡು ಕೈಯಿಂದ ತಬ್ಬಿ ಹಿಡಿದರೆ ನಿಮ್ಮ ತಲೆಯನ್ನು ಕಾಯಲು ಕೈಯೇ ಉಳಿಯುವುದಿಲ್ಲ. 1993ರಲ್ಲಿ ಅಮೆರಿಕದ ಮೊದಲ ಯುಎಫ್‌ಸಿ ಪಂದ್ಯಾವಳಿಯಲ್ಲಿ (ಬೇರೆ ಬೇರೆ ಸಮರಕಲೆಗಳವರು ಪರಸ್ಪರ ಸೆಣಸಿದ ಪಂದ್ಯಗಳು) ಜುಜುತ್ಸು ಪಟು ರಾಯ್ಸ್ ಗ್ರೇಸಿ ತನಗಿಂತ ದಪ್ಪನೆಯವರನ್ನು ನೆಲಕ್ಕೆಳೆದು ಗೆದ್ದ ಮೇಲೆ ನೆಲದ ಪಟ್ಟುಗಳ ಮೇಲೆ ಜಗತ್ತಿಗೇ ಗೌರವ ಬಂತು. ಅದು ನ್ಯಾಯವಾದ ಗೌರವವೇ, ಆದರೆ ಅದು ಒಬ್ಬನೊಡನೆ ಒಬ್ಬನ ಲೆಕ್ಕ.

ಹಾಗೆಂದು ಕುಸ್ತಿ, ಜೂಡೋ ಕಲಿತದ್ದು ವ್ಯರ್ಥವಲ್ಲ. ಜಗ್ಗಿದರೂ ತಳ್ಳಿದರೂ ಬೀಳದೆ ನಿಲ್ಲುವ ಕಾಲು ಕುಸ್ತಿಯಿಂದ ಬರುವಷ್ಟು ಬೇರೆ ಯಾವುದರಿಂದಲೂ ಬರುವುದಿಲ್ಲ. ಬಿದ್ದರೂ ತಲೆ ನೆಲಕ್ಕೆ ಬಡಿಯದಂತೆ ಬೀಳುವುದನ್ನು ಜೂಡೋ ಮೊದಲ ದಿನದಿಂದಲೇ ಕಲಿಸುತ್ತದೆ. ಬಿದ್ದ ಮೇಲೆ ಗದ್ದವನ್ನು ಎದೆಗೊತ್ತಿ, ಎರಡೂ ಮುಂಗೈಗಳಿಂದ ತಲೆಯ ಪಕ್ಕ ಮತ್ತು ಕತ್ತಿನ ಹಿಂಭಾಗವನ್ನು ಮುಚ್ಚಿ, ಕಾಲನ್ನು ಅವರ ಕಡೆಗೆ ತಿರುಗಿಸಿಕೊಳ್ಳಬೇಕು. ಸಂದು ಸಿಕ್ಕೊಡನೆ ಒಂದು ಕೈ ನೆಲಕ್ಕೂರಿ, ಇನ್ನೊಂದನ್ನು ಮುಖದ ಮುಂದೆ ಇಟ್ಟು, ಹಿಂದಕ್ಕೆ ಸರಿಯುತ್ತ ಏಳಬೇಕು. ಮುಂದಕ್ಕೆ ಬಾಗಿ ಎದ್ದರೆ ಮುಖ ನೇರವಾಗಿ ಅವರ ಮೊಣಕಾಲಿಗೆ ಸಿಗುತ್ತದೆ. ಇದನ್ನು ದಂಡ-ಬಸ್ಕಿಯಂತೆ ನಿತ್ಯ ಮಾಡಬೇಕು.

ದುರ್ಗದವರು:

ನಾನು ಚಿತ್ರದುರ್ಗದವಳು, ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯದಲ್ಲಿ ಆತ್ಮರಕ್ಷಣೆಯ ತರಬೇತಿ ನೋಡಿಕೊಳ್ಳುತ್ತೇನೆ. ಒನಕೆ ಓಬವ್ವನ ಹೆಸರನ್ನು ಇಂಥ ತರಬೇತಿಗಳಿಗೆ ಇಡುವುದು ವಾಡಿಕೆ, ಆದರೆ ಅವಳು ಮಾಡಿದ್ದನ್ನು ತಂತ್ರವಾಗಿ ಯಾರೂ ಬಿಡಿಸಿ ಹೇಳುವುದಿಲ್ಲ. ಹೈದರಾಲಿಯ ಸೈನಿಕರು ಗುಂಪಾಗಿಯೇ ಬಂದಿದ್ದರು. ಆದರೆ ಕಿಂಡಿಯ ಅಗಲ ಒಬ್ಬೊಬ್ಬನೇ ತೆವಳಿ ಬರುವಷ್ಟು ಮಾತ್ರ ಇತ್ತು, ಒಳಗೆ ಬರುವವನ ತಲೆ ಮೊದಲು ಬರುತ್ತಿತ್ತು, ಕೈ ಎತ್ತಲು ಅವನಿಗೆ ಜಾಗವಿರಲಿಲ್ಲ. ಗುಂಪನ್ನು ಗುಂಪಾಗಿ ಇರಲು ಬಿಡದೆ ಒಬ್ಬೊಬ್ಬನನ್ನಾಗಿ ಮಾಡಿದ್ದು ಆ ಜಾಗ. ನಾನು ಹುಡುಗಿಯರನ್ನು ಕೋಟೆಗೆ ಕರೆದೊಯ್ದು ಆ ಕಿಂಡಿಯ ಮುಂದೆ ನಿಲ್ಲಿಸಿ ಇದನ್ನೇ ಹೇಳುತ್ತೇನೆ: ಬಸ್ ನಿಲ್ದಾಣದಲ್ಲಿ, ಓಣಿಯಲ್ಲಿ, ಮೆಟ್ಟಿಲಲ್ಲಿ ಅಂಥ ಇಕ್ಕಟ್ಟಿನ ಜಾಗ ಎಲ್ಲಿದೆ, ಅದರ ಆಚೆ ತೆರೆದ ಬಾಗಿಲು ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಎರಡು ನಿಂತ ಕಾರುಗಳ ನಡುವಿನ ಸಂದು ಕೂಡ ನಾಲ್ವರನ್ನು ಒಬ್ಬನನ್ನಾಗಿ ಮಾಡುತ್ತದೆ, ಹಿಂಬದಿ ತೆರೆದಿದ್ದರೆ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಓಬವ್ವ ಅಲ್ಲಿಯೇ ನಿಂತು ಕಾದಾಡಿದ್ದು ಅವಳ ಹಿಂದೆ ಒಂದು ಕೋಟೆಯೂ ಅದರೊಳಗಿನ ಜನವೂ ಇದ್ದುದರಿಂದ. ನಮ್ಮ ಹುಡುಗಿಯರು ಆ ಸಂದಿನಲ್ಲಿ ನಿಲ್ಲಬೇಕಾಗಿಲ್ಲ, ಅದರ ಮೂಲಕ ದಾಟಿ ಬೆಳಕಿರುವ ಅಂಗಡಿಗೋ ಪೆಟ್ರೋಲ್ ಬಂಕಿಗೋ ಓಡಬೇಕು.

ಕೂಗುವುದನ್ನೂ ಕಲಿಸಬೇಕಾಗುತ್ತದೆ. ಮೊದಲ ತರಗತಿಯಲ್ಲಿ ಹತ್ತರಲ್ಲಿ ಒಬ್ಬಳಿಗೂ ಗಂಟಲು ಬಿಡುವುದಿಲ್ಲ, ಗಟ್ಟಿಯಾಗಿ ಮಾತಾಡಬಾರದೆಂದು ಹೇಳಿಯೇ ಅವರನ್ನು ಬೆಳೆಸಿರುತ್ತಾರೆ. ನನಗೆ ಇದು ಪ್ರತಿ ವರ್ಷವೂ ನೋವು ಕೊಡುತ್ತದೆ.

ವಕಾಲತ್ತು:

ಕಾನೂನಿನ ಬದಿಯನ್ನು ಯಾರೂ ಮುಟ್ಟಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮರಕ್ಷಣೆಯ ಹಕ್ಕು 34ರಿಂದ 44ರವರೆಗಿನ ಸೆಕ್ಷನ್‌ಗಳಲ್ಲಿದೆ. ಹಳೆಯ ದಂಡ ಸಂಹಿತೆಯ 96ರಿಂದ 106ರವರೆಗಿನ ಸೆಕ್ಷನ್‌ಗಳ ಸಾರವೇ ಇಲ್ಲಿಗೆ ಬಂದಿದೆ. ನಿಮ್ಮ ದೇಹವನ್ನು ಮಾತ್ರವಲ್ಲ, ಬೇರೆಯವರ ದೇಹವನ್ನು ರಕ್ಷಿಸಲಿಕ್ಕೂ ನಿಮಗೆ ಹಕ್ಕಿದೆ. ಪ್ರಾಣ ಹೋದೀತು ಅಥವಾ ತೀವ್ರ ಗಾಯವಾದೀತು ಎಂಬ ಸಕಾರಣ ಭಯವಿದ್ದರೆ ಆ ಹಕ್ಕು ಎಷ್ಟು ದೂರದವರೆಗೆ ಹೋಗುತ್ತದೆ ಎಂಬುದು 38ನೇ ಸೆಕ್ಷನ್‌ನಲ್ಲಿದೆ. ಗುಂಪು ದಾಳಿಯ ಪ್ರಸ್ತಾಪ 44ನೇ ಸೆಕ್ಷನ್‌ನ ದೃಷ್ಟಾಂತದಲ್ಲೇ ಇದೆ: ಕೊಲ್ಲಲು ಬಂದ ಗುಂಪಿನ ನಡುವೆ ಚಿಕ್ಕ ಮಕ್ಕಳೂ ಸೇರಿಕೊಂಡಿರುವಾಗ ಮುತ್ತಿಗೆಗೆ ಒಳಗಾದವನು ಏನು ಮಾಡಬಹುದು ಎಂಬ ಸನ್ನಿವೇಶವನ್ನು ಶಾಸಕರು ಅಲ್ಲಿ ಎತ್ತಿಕೊಂಡಿದ್ದಾರೆ. ಐವರು ಅಥವಾ ಹೆಚ್ಚು ಮಂದಿ ಅಪರಾಧದ ಸಮಾನ ಉದ್ದೇಶದಿಂದ ಸೇರಿದ್ದರೆ ಅದು ಅಕ್ರಮ ಕೂಟ, ಅದರ ಗುರಿಗಾಗಿ ಒಬ್ಬ ಮಾಡಿದ ಅಪರಾಧಕ್ಕೆ ಎಲ್ಲ ಸದಸ್ಯರೂ ಹೊಣೆಯಾಗಬಹುದು.

ಮಿತಿಗಳು ಎರಡು. ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡಬಾರದು, ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಈ ಹಕ್ಕು ಇಲ್ಲ. ಇದು 37ನೇ ಸೆಕ್ಷನ್. ಅಪಾಯದ ಭಯ ಇರುವವರೆಗೆ ಮಾತ್ರ ಹಕ್ಕು. ಇದು 40ನೇ ಸೆಕ್ಷನ್. ನಿಮ್ಮ ಮೇಲೆ ಬಂದವನು ಬಿದ್ದು, ಉಳಿದವರು ಓಡಿದ ಮೇಲೆ ನೀವು ಕೊಡುವ ಒಂದು ಒದೆ ನಿಮ್ಮನ್ನು ಆರೋಪಿಯ ಕಟಕಟೆಯಲ್ಲಿ ನಿಲ್ಲಿಸಬಹುದು, ಈಗ ಪ್ರತಿ ಅಂಗಡಿಯ ಮುಂದೆಯೂ ಸಿಸಿಟಿವಿ ಇದೆ. ಹಾಗೆಂದು ನ್ಯಾಯಾಲಯಗಳು ನಿರ್ದಯವಾಗಿ ಲೆಕ್ಕ ಹಾಕುತ್ತವೆ ಎಂದಲ್ಲ. ದರ್ಶನ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕಿನ ತತ್ವಗಳನ್ನು ಒಂದೆಡೆ ಕ್ರೋಡೀಕರಿಸಿ, ಪ್ರಾಣಭಯದಲ್ಲಿರುವವನು ತನ್ನ ಪ್ರತಿಯೇಟನ್ನು ಹಂತಹಂತವಾಗಿ ಅಳೆದು ಕೊಡಬೇಕೆಂದು ನಿರೀಕ್ಷಿಸಲಾಗದು ಎಂಬ ನಿಲುವನ್ನು ಸ್ಪಷ್ಟಪಡಿಸಿದೆ. ಕಪ್ಪು ಪಟ್ಟಿ ಪಡೆದವರ ಕೈಯನ್ನು ಕಾನೂನು ಆಯುಧವೆಂದು ಪರಿಗಣಿಸುತ್ತದೆ, ಠಾಣೆಯಲ್ಲಿ ನೋಂದಾಯಿಸಬೇಕು ಎಂಬುದೆಲ್ಲ ಬರೀ ಕಥೆ. ಅಂಥ ಕಾನೂನು ನಮ್ಮ ದೇಶದಲ್ಲಿಲ್ಲ.

ಇನ್ನೊಂದು ವ್ಯಾವಹಾರಿಕ ಮಾತು. ಪೆಟ್ಟು ತಿಂದ ಗುಂಪು ಮೊದಲು ಠಾಣೆಗೆ ಹೋಗಿ ನಿಮ್ಮ ಮೇಲೆಯೇ ದೂರು ಕೊಡುವುದು ದಿನನಿತ್ಯ ಕಾಣುವ ಸಂಗತಿ, ಕೌಂಟರ್ ಕೇಸ್ ಇಲ್ಲದ ಹೊಡೆದಾಟದ ಪ್ರಕರಣವೇ ಅಪರೂಪ. ಆದ್ದರಿಂದ ತಪ್ಪಿಸಿಕೊಂಡ ಕೂಡಲೇ 112ಕ್ಕೆ ಕರೆ ಮಾಡಿ, ಆ ಕರೆಯ ಸಮಯವೇ ಒಂದು ದಾಖಲೆ. ಆಸ್ಪತ್ರೆಗೆ ಹೋಗಿ ಎಂಎಲ್‌ಸಿ, ಅಂದರೆ ಗಾಯಗಳ ವೈದ್ಯಕೀಯ-ಕಾನೂನು ದಾಖಲೆ, ಮಾಡಿಸಿ. ಘಟನೆ ಬೇರೆ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ದೂರು ಸ್ವೀಕರಿಸಲೇಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಹೇಳುತ್ತದೆ.

ತುರ್ತುವಾರ್ಡ್:

ವಕೀಲರು ಎಂಎಲ್‌ಸಿ ಎಂದರು, ನಾನು ಅದನ್ನು ಬರೆಯುವ ಕಡೆಯವನು. ಗುಂಪು ಹೊಡೆತದಲ್ಲಿ ಬಂದವರಲ್ಲಿ ನನ್ನನ್ನು ಹೆಚ್ಚು ಹೆದರಿಸುವುದು ಮುಷ್ಟಿಯ ಏಟಲ್ಲ, ಕಾಂಕ್ರೀಟಿಗೆ ಬಡಿದ ತಲೆ. ಒಂದೇ ಗುದ್ದಿಗೆ ಪ್ರಜ್ಞೆ ತಪ್ಪಿ, ಕೈ ಊರದೆ ಬಿದ್ದು ಸತ್ತವರ ಪ್ರಕರಣಗಳು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಎಷ್ಟು ಕಳವಳ ಹುಟ್ಟಿಸಿದವೆಂದರೆ, 2014ರಲ್ಲಿ ಅಲ್ಲಿನ ಸರ್ಕಾರ ಅದಕ್ಕೆಂದೇ ಪ್ರತ್ಯೇಕ ಕಾನೂನು ತಂದಿತು. ತಲೆಗೆ ಪೆಟ್ಟು ಬಿದ್ದವರು ಎದ್ದು ಚೆನ್ನಾಗಿಯೇ ಮಾತಾಡಿ, ಕೆಲವು ಗಂಟೆಗಳ ನಂತರ ಕುಸಿಯಬಹುದು. ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ತುಂಬುತ್ತಿದ್ದಾಗ ಹೀಗಾಗುತ್ತದೆ. ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ತೊದಲು ಮಾತು ಕಂಡರೆ ಬೆಳಗಾಗಲೆಂದು ಕಾಯದೆ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆತನ್ನಿ.

ತಪ್ಪಿಸಿಕೊಂಡು ಸುರಕ್ಷಿತ ಜಾಗ ಸೇರಿದ ಮೇಲೆ ಅಂಗಿ ಎತ್ತಿ ಮೈಯೆಲ್ಲ ಸವರಿ ನೋಡಿಕೊಳ್ಳಿ. ಬೆನ್ನು, ಕಂಕುಳು, ಹೊಟ್ಟೆಯ ಪಕ್ಕ. ಚಾಕುವಿನ ಇರಿತವನ್ನು ಗುದ್ದೆಂದುಕೊಂಡು ನಡೆದು ಬಂದವರಿದ್ದಾರೆ. ರಕ್ತ ಬರುತ್ತಿದ್ದರೆ ಶುದ್ಧ ಬಟ್ಟೆಯನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಪದೇ ಪದೇ ತೆಗೆದು ನೋಡಬೇಡಿ. ಎದುರಾಳಿಯ ಹಲ್ಲು ತಾಗಿ ಗೆಣ್ಣಿನ ಮೇಲೆ ಆದ ಗಾಯ ಎಷ್ಟೇ ಚಿಕ್ಕದಾಗಿದ್ದರೂ ತೋರಿಸಿ, ಬಾಯಿಯ ಸೂಕ್ಷ್ಮಾಣುಗಳು ಕೀಲಿನೊಳಗೆ ಸೇರಿದರೆ ಬೆರಳೇ ಹೋಗಬಹುದು. ಕರಿಪಟ್ಟಿಯವರು ಮುಷ್ಟಿಯ ಬದಲು ಅಂಗೈ ಬಳಸಲು ಹೇಳಿದ್ದಕ್ಕೆ ವೈದ್ಯನಾಗಿ ನನ್ನ ಪೂರ್ಣ ಸಮ್ಮತಿಯಿದೆ, ಕಿರುಬೆರಳಿನ ಬುಡದ ಮೂಳೆ ಮುರಿದುಕೊಂಡು ಬರುವವರೆಲ್ಲ ಮುಷ್ಟಿ ಬಳಸಿದವರೇ.

ಕಾವಲುಗಾರ:

ಇಸ್ರೇಲಿನ ಆತ್ಮರಕ್ಷಣಾ ಪದ್ಧತಿಯಾದ ಕ್ರಾವ್ ಮಗಾದ ಹುಟ್ಟು ಈ ಚರ್ಚೆಗೆ ನೇರವಾಗಿ ಸಂಬಂಧಿಸಿದ್ದು. ಅದನ್ನು ರೂಪಿಸಿದ ಇಮಿ ಲಿಕ್ಟೆನ್‌ಫೆಲ್ಡ್ 1910ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ ಬ್ರಾಟಿಸ್ಲಾವಾದಲ್ಲಿ ಬೆಳೆದವರು, ಕುಸ್ತಿ ಮತ್ತು ಬಾಕ್ಸಿಂಗ್‌ನಲ್ಲಿ ಹೆಸರು ಮಾಡಿದವರು. 1930ರ ದಶಕದಲ್ಲಿ ಫ್ಯಾಸಿಸ್ಟ್ ಗುಂಪುಗಳು ಅಲ್ಲಿನ ಯಹೂದಿ ಕೇರಿಗಳ ಮೇಲೆ ದಾಳಿ ಮಾಡತೊಡಗಿದಾಗ, ಅಖಾಡದಲ್ಲಿ ಕಲಿತ ನಿಯಮಬದ್ಧ ವಿದ್ಯೆ ಬೀದಿಯಲ್ಲಿ ಸಾಲದೆಂದು ಅವರಿಗೆ ಮನವರಿಕೆಯಾಯಿತು. ಆದರೆ ಆ ಕಥೆಯನ್ನು ಹೇಳುವವರು ಬಹಳ ಸಲ ಬಿಟ್ಟುಬಿಡುವ ಭಾಗವೊಂದಿದೆ: ಅವರು ಒಬ್ಬಂಟಿಯಾಗಿ ಎದುರಿಸಲಿಲ್ಲ, ಕೇರಿಯ ಯುವಕರನ್ನು ಸೇರಿಸಿಕೊಂಡು ತಂಡ ಕಟ್ಟಿದ್ದರು. ತುಂಗಾತೀರ ಅವರೇ, ನೀವು ನೋಡಿದ ಘಟನೆಯಲ್ಲೂ ಆ ಯುವಕನನ್ನು ಉಳಿಸಿದ್ದು ಅವನ ಗುದ್ದಲ್ಲ, ಹೊರಬಂದು ಕೂಗಿದ ಮನೆಗಳು.

ತುಂಗಾತೀರ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕರಿಪಟ್ಟಿಯವರ ಚೌಕದ ಅಭ್ಯಾಸವನ್ನು ನಮ್ಮ ಶಿಕ್ಷಕರಿಗೆ ತೋರಿಸಿದೆ, ಅವರು ಒಪ್ಪಿದ್ದಾರೆ. ಆದರೆ ಒಂದು ಪ್ರಶ್ನೆ ಉಳಿದಿದೆ, ಅದೇ ನನಗೆ ಹೆಚ್ಚು ಮುಖ್ಯವಾದದ್ದು. ಒಬ್ಬನೇ ಇದ್ದರೆ ಓಡಬಹುದು. ಜೊತೆಗೆ ನನ್ನ ತಾಯಿ ಇದ್ದರೆ, ಅವರ ಮಂಡಿ ನೋವಿನಿಂದ ವೇಗವಾಗಿ ನಡೆಯಲೂ ಆಗುವುದಿಲ್ಲ. ಅಥವಾ ಅಕ್ಕನ ಮೂರು ವರ್ಷದ ಮಗು ಕೈಯಲ್ಲಿದ್ದರೆ?

ಕರಿಪಟ್ಟಿ:

ಇದಕ್ಕೆ ನೆಮ್ಮದಿಯ ಉತ್ತರವಿಲ್ಲ, ಆದರೆ ಅಭ್ಯಾಸ ಮಾಡಬಹುದಾದ ಉತ್ತರವಿದೆ. ಜೊತೆಯಲ್ಲಿ ನಿಧಾನದವರು ಇದ್ದಾಗ ಹೊಡೆದಾಟದ ಆರಂಭವನ್ನೇ ಬಹಳ ಹಿಂದಕ್ಕೆ ತಳ್ಳಬೇಕು. ಬೈದರೆ ಬೈಸಿಕೊಳ್ಳಿ. ತಪ್ಪು ನಿಮ್ಮದಲ್ಲದಿದ್ದರೂ ಕ್ಷಮೆ ಕೇಳಿ. ಮೊಬೈಲ್, ಪರ್ಸ್ ಕೇಳಿದರೆ ಅವರ ಕೈಗೆ ಕೊಡದೆ ಪಕ್ಕಕ್ಕೆ ಎಸೆಯಿರಿ, ಅವರು ಅತ್ತ ತಿರುಗುತ್ತಾರೆ. ಕಾರಿನಲ್ಲಿದ್ದರೆ ಗಾಜು ಇಳಿಸದೆ, ಬಾಗಿಲು ತೆರೆಯದೆ ನೇರವಾಗಿ ಠಾಣೆಗೆ ನಡೆಸಿ. ಕನ್ನಡಿ ಮುರಿದದ್ದಕ್ಕೆ ಇಳಿದು ಕೇಳಲು ಹೋದ ಎಷ್ಟೋ ಜನರ ಕಥೆ ನಾವೆಲ್ಲ ಬಲ್ಲೆವು.

ಅದೂ ಆಗದೆ ಮೈಮೇಲೆಯೇ ಬಂದರೆ, ತಾಯಿಯನ್ನು ಎಳೆದುಕೊಂಡು ಓಡಲು ಹೋಗಬೇಡಿ, ಇಬ್ಬರೂ ಬೀಳುತ್ತೀರಿ. ದುರ್ಗದವರು ಹೇಳಿದ ಇಕ್ಕಟ್ಟಿನ ಜಾಗ ಇಲ್ಲಿಯೇ ನಿಜವಾಗಿ ಬೇಕಾಗುವುದು: ಅಂಗಡಿಯ ಬಾಗಿಲು, ಗೇಟು, ಮೆಟ್ಟಿಲ ಬುಡ. ಅವರನ್ನು ಒಳಗೆ ಕಳಿಸಿ, ನೀವು ಬಾಗಿಲನ್ನು ತುಂಬಿ ನಿಲ್ಲಿ. ಗೋಡೆ ಬೇಡವೆಂದು ನಾನೇ ಮೇಲೆ ಬರೆದದ್ದಕ್ಕೆ ಇರುವ ಅಪವಾದ ಇದು, ಏಕೆಂದರೆ ನಿಮ್ಮ ಹೊರಡುವ ದಾರಿ ಈಗ ನಿಮ್ಮ ಬೆನ್ನ ಹಿಂದೆಯೇ ಇದೆ. ಒಳಗೆ ಹೋದ ತಾಯಿಗೆ ಒಂದು ಕೆಲಸವನ್ನು ಮೊದಲೇ ಹೇಳಿಟ್ಟಿರಬೇಕು: 112 ಒತ್ತುವುದು, ಬಾಗಿಲ ಚಿಲಕ ಹಾಕಲು ಸಿದ್ಧವಾಗಿ ನಿಲ್ಲುವುದು, ನೀವು ಒಳಸರಿದೊಡನೆ ಹಾಕುವುದು. ಮನೆಯವರೊಂದಿಗೆ ಕೂತು ಇದನ್ನು ಒಂದು ಸಲ ಮಾತಾಡಿಕೊಳ್ಳಲು ಐದು ನಿಮಿಷ ಸಾಕು, ಆದರೆ ಯಾರೂ ಮಾತಾಡಿಕೊಳ್ಳುವುದಿಲ್ಲ.

ಮಗುವಿದ್ದರೆ ಎದೆಗೆ ಅವಚಿಕೊಂಡು, ಅದರ ತಲೆಯ ಹಿಂಭಾಗಕ್ಕೆ ನಿಮ್ಮ ಅಂಗೈ ಇಟ್ಟು, ನಿಮ್ಮ ಹೆಗಲನ್ನು ಗುಂಪಿನ ಕಡೆಗೆ ತಿರುಗಿಸಿ ಓಡಬೇಕು. ಒಂದು ಕೈ ಮಾತ್ರ ಖಾಲಿ ಇರುತ್ತದೆ, ಅದು ಹೊಡೆಯಲಿಕ್ಕಲ್ಲ, ಮುಂದಿನವನನ್ನು ತಳ್ಳಿ ದಾರಿ ಮಾಡಲಿಕ್ಕೆ. ನಿಮ್ಮ ಡೋಜೋದಲ್ಲಿ ಚೌಕ ಬರೆದಾಗ ಹನ್ನೆರಡು ಕಿಲೋದಷ್ಟು ಅಕ್ಕಿಯ ಚೀಲವೊಂದನ್ನು ತೆಗೆದುಕೊಂಡು ಹೋಗಿ. ಅದನ್ನು ಒಂದು ತೋಳಿನಲ್ಲಿ ಹಿಡಿದುಕೊಂಡು, ಎರಡು ಕುರ್ಚಿಗಳ ನಡುವೆ ಮೂರು ಪ್ಯಾಡುಗಳನ್ನು ದಾಟಿ ಬನ್ನಿ. ಮೊದಲು ಬಲತೋಳಿನಲ್ಲಿ, ಆಮೇಲೆ ಎಡತೋಳಿನಲ್ಲಿ.